ಕೋರ್ಟು ನಿಮ್ಮ ಕಡೆ ಕೈ ತೋರಿಸಿದೆ: 224 ಶಾಸಕರಿಗೂ 28 ಸಂಸದರಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ, ನಮಸ್ಕಾರ.

ನಾನು ತುಮಕೂರು ಜಿಲ್ಲೆಯ ಒಬ್ಬ ನಿವೃತ್ತ ಹೈಸ್ಕೂಲ್ ಟೀಚರ್. ಸಲಿಂಗ ಜೋಡಿಗಳ ಮದುವೆಗೆ ಕಾನೂನಿನ ಮಾನ್ಯತೆ ಕೊಡುವ ಬಗ್ಗೆ ಬರೆಯುತ್ತಿದ್ದೇನೆ. ಯಾವ ಕ್ಷೇತ್ರದ ಮತದಾರಳು ಅಂತ ಹೇಳುವುದಿಲ್ಲ. ಹೇಳಿದರೆ ಉಳಿದ 223 ಶಾಸಕರು "ಇದು ನಮಗಲ್ಲ" ಅಂತ ಪಕ್ಕಕ್ಕೆ ಇಟ್ಟುಬಿಡುತ್ತೀರಿ. ಸಂಸದರಂತೂ ಓದುವುದೇ ಇಲ್ಲ.

2023ರ ಮೇ 10 ನಿಮಗೆ ಮರೆತಿರಲಾರದು. ನನಗೂ ಮರೆತಿಲ್ಲ. ವಿಧಾನಸಭೆ ಚುನಾವಣೆಯ ಮತದಾನ ಅವತ್ತು. ಒಂದು ಹಳ್ಳಿ ಶಾಲೆಯ ಬೂತಿನಲ್ಲಿ ನನಗೆ ಪಿಆರ್‌ಓ, ಅಂದರೆ ಮತಗಟ್ಟೆಯ ಅಧ್ಯಕ್ಷಾಧಿಕಾರಿ ಡ್ಯೂಟಿ ಬಿದ್ದಿತ್ತು. ಹಿಂದಿನ ದಿನ ಮಸ್ಟರಿಂಗ್ ಕೇಂದ್ರದ ಬಿಸಿಲಲ್ಲಿ ನಿಂತು ಯಂತ್ರ, ವಿವಿಪ್ಯಾಟ್, ಅರಗು, ದಾರ, ಮೈಸೂರಿನ ಶಾಯಿ ಬಾಟಲಿ, ಕಟ್ಟುಗಟ್ಟಲೆ ಫಾರಂ ಎಲ್ಲ ಎಣಿಸಿಕೊಂಡು ಹೋಗಿದ್ದೆವು. ಬೆಳಗ್ಗೆ ಏಜೆಂಟರ ಎದುರು ಅಣಕು ಮತದಾನ. ಏಳಕ್ಕೆ ಶುರು, ಸಂಜೆ ಆರಕ್ಕೆ ಮುಕ್ತಾಯ. ನಡುವೆ ಎರಡು ಗಂಟೆಗೊಮ್ಮೆ ಸೆಕ್ಟರ್ ಅಧಿಕಾರಿಗೆ ಲೆಕ್ಕ ಒಪ್ಪಿಸಬೇಕು: ಗಂಡಸರು ಎಷ್ಟು, ಹೆಂಗಸರು ಎಷ್ಟು, ಇತರೆ ಎಷ್ಟು.

ನನ್ನ ಬೂತಿನಲ್ಲಿ ಇತರೆ ಕಾಲಂನಲ್ಲಿ ದಿನವಿಡೀ ಸೊನ್ನೆ. ಪ್ರತಿ ಸಲವೂ ಸೊನ್ನೆ ಬರೆದೆ. ಆದರೂ ಕಾಲಂ ಇತ್ತು. ಒಬ್ಬರಾದರೂ ಬಂದಾರು ಅಂತ ಫಾರಂ ಮಾಡಿದವರು ಯೋಚನೆ ಮಾಡಿದ್ದರು. 2009ರಿಂದ ಚುನಾವಣಾ ಆಯೋಗ ಆ ಜಾಗ ಕೊಟ್ಟಿದೆ. ಅದಕ್ಕೆ ಮೊದಲು ಗಂಡು ಅಂತಲೋ ಹೆಣ್ಣು ಅಂತಲೋ ಬರೆಸಲೇಬೇಕಿತ್ತು.

ಮರುದಿನ, ಮೇ 11. ನಾವು ಡಿಮಸ್ಟರಿಂಗ್ ಮುಗಿಸಿ ಮನೆಗೆ ಬಂದು ನಿದ್ದೆ ಹೊಡೆಯುತ್ತಿದ್ದೆವು. ನೀವು ಯಾವ ಬೂತಿನಲ್ಲಿ ಎಷ್ಟು ಲೀಡು ಅಂತ ಲೆಕ್ಕ ಹಾಕುತ್ತಿದ್ದಿರಿ. ಅದೇ ದಿನ ದೆಹಲಿಯಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಹತ್ತು ದಿನದ ವಿಚಾರಣೆ ಮುಗಿಸಿ ತೀರ್ಪು ಕಾಯ್ದಿರಿಸಿದರು. ಸಲಿಂಗ ಮದುವೆಗೆ ಕಾನೂನಿನ ಮಾನ್ಯತೆ ಬೇಕು ಅಂತ ಹಾಕಿದ್ದ ಅರ್ಜಿಗಳು ಅವು. ಅರ್ಜಿದಾರರಲ್ಲಿ ನಮ್ಮ ಬೆಂಗಳೂರಿನ ಅಕ್ಕೈ ಪದ್ಮಶಾಲಿಯೂ ಒಬ್ಬರು. ಆ ಎರಡು ತಿಂಗಳು ನಮ್ಮ ರಾಜ್ಯದಲ್ಲಿ ಎಷ್ಟು ಭಾಷಣ ಆಯಿತು ನೀವೇ ನೆನಪು ಮಾಡಿಕೊಳ್ಳಿ. ಈ ವಿಷಯದ ಬಗ್ಗೆ ಒಬ್ಬ ಅಭ್ಯರ್ಥಿ ಒಂದು ಮಾತು ಆಡಿದ್ದು ನನ್ನ ಕಿವಿಗೆ ಬೀಳಲಿಲ್ಲ. ಪರವಾಗಿ ಇಲ್ಲ, ವಿರೋಧವಾಗಿಯೂ ಇಲ್ಲ.

ತೀರ್ಪು ಬಂದದ್ದು ಅಕ್ಟೋಬರ್ 17ಕ್ಕೆ. ಮದುವೆಯಾಗುವುದು ಸಂವಿಧಾನ ಕೊಟ್ಟ ಮೂಲಭೂತ ಹಕ್ಕು ಅಂತ ಹೇಳಲು ಆಗದು ಎಂದು ಐವರೂ ಹೇಳಿದರು. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಗಂಡು, ಹೆಣ್ಣು ಅಂತ ಇರುವ ಕಡೆ ಬೇರೆ ಪದ ಸೇರಿಸಿ ಓದುವುದು ನಮ್ಮ ಕೆಲಸ ಅಲ್ಲ ಎಂದೂ ಐವರೂ ಹೇಳಿದರು. ಮದುವೆ ಅಂತಲ್ಲದಿದ್ದರೂ ಜೊತೆಯಾಗಿ ಬಾಳುವವರ ಸಂಬಂಧಕ್ಕೆ ಒಂದು ಮಾನ್ಯತೆ ಕೊಡಬೇಕೋ, ದತ್ತು ತೆಗೆದುಕೊಳ್ಳಲು ಬಿಡಬೇಕೋ ಅನ್ನುವಲ್ಲಿ ಪೀಠ ಮೂರು-ಎರಡಾಗಿ ಒಡೆಯಿತು. ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಕೌಲ್ ಕೊಡಬೇಕು ಎಂದರು. ಭಟ್, ಕೊಹ್ಲಿ, ನರಸಿಂಹ ಮೂವರೂ ಆಗದು ಎಂದರು. ಮರುಪರಿಶೀಲನೆ ಕೋರಿದ ಅರ್ಜಿಗಳೂ 2025ರ ಜನವರಿ 9ರಂದು ವಜಾ ಆದವು.

ಒಟ್ಟಿನಲ್ಲಿ ಕೋರ್ಟು ಹೇಳಿದ್ದು ಇಷ್ಟು: ಕಾನೂನು ಮಾಡುವವರು ಬೇರೆ ಇದ್ದಾರೆ, ಅಲ್ಲಿ ಕೇಳಿ.

ಅಂದರೆ ನಿಮ್ಮನ್ನು.

ಇಲ್ಲಿ ಶಾಸಕರು "ಅದು ಸಂಸತ್ತಿನ ವಿಷಯ" ಅಂತ ನಿಟ್ಟುಸಿರು ಬಿಟ್ಟಿರಬಹುದು. ಅಷ್ಟು ಸುಲಭ ಇಲ್ಲ. ಸಂವಿಧಾನದ ಏಳನೇ ಅನುಸೂಚಿ ತೆಗೆದು ನೋಡಿ. ಮೂರನೆಯದು ಸಮವರ್ತಿ ಪಟ್ಟಿ. ಅದರ ಐದನೇ ನಮೂದು ಮದುವೆ, ವಿಚ್ಛೇದನ, ದತ್ತು, ಉತ್ತರಾಧಿಕಾರ. ಕೇಂದ್ರವೂ ಕಾನೂನು ಮಾಡಬಹುದು, ರಾಜ್ಯವೂ ಮಾಡಬಹುದು. ರಾಜ್ಯದ ಕಾನೂನು ಕೇಂದ್ರದ್ದಕ್ಕೆ ಅಡ್ಡ ಬಂದರೆ ರಾಷ್ಟ್ರಪತಿಗಳ ಒಪ್ಪಿಗೆ ಬೇಕು, ಅಷ್ಟೇ. ರಾಜ್ಯಗಳ ವಿಧಾನಮಂಡಲಗಳಿಗೂ ಈ ಅಧಿಕಾರ ಇದೆ ಅಂತ ಚಂದ್ರಚೂಡ್ ಅವರ ತೀರ್ಪಿನಲ್ಲೇ ಬರೆದಿದೆ.

ಇನ್ನೊಂದು ಸಂಗತಿ. ವಿಚಾರಣೆ ಶುರುವಾದಾಗ ಕೇಂದ್ರ ಸರ್ಕಾರ ಎಲ್ಲ ರಾಜ್ಯಗಳಿಗೂ ಪತ್ರ ಬರೆದು ನಿಮ್ಮ ಅಭಿಪ್ರಾಯ ಏನು ಅಂತ ಕೇಳಿತ್ತು. ವಿಚಾರಣೆ ಮುಗಿಯುವ ಹೊತ್ತಿಗೆ ಉತ್ತರ ಬಂದದ್ದು ಏಳು ರಾಜ್ಯಗಳಿಂದ. ರಾಜಸ್ಥಾನ, ಆಂಧ್ರ, ಅಸ್ಸಾಂ ವಿರೋಧ ಎಂದವು. ಆಗ ಈ ಮೂರೂ ಕಡೆ ಮೂರು ಬೇರೆ ಬೇರೆ ಪಕ್ಷಗಳ ಸರ್ಕಾರ ಇತ್ತು. ಬೇರೆ ಯಾವ ವಿಷಯದಲ್ಲಿ ಇಷ್ಟು ಒಗ್ಗಟ್ಟು ಕಂಡಿದ್ದೀರಿ ಹೇಳಿ! ಉಳಿದ ನಾಲ್ಕು ಇನ್ನಷ್ಟು ಸಮಯ ಕೇಳಿದವು. ಆ ಏಳರಲ್ಲಿ ಕರ್ನಾಟಕದ ಹೆಸರಿಲ್ಲ. ಚುನಾವಣೆ ಗಡಿಬಿಡಿ ಇತ್ತು, ಒಪ್ಪುತ್ತೇನೆ. ಆದರೆ ಆ ಗಡಿಬಿಡಿ ಮುಗಿದು ಎಷ್ಟು ದಿನ ಆಯಿತು?

ನನಗೇಕೆ ಇದರ ಉಸಾಬರಿ ಅಂತ ಕೇಳಬಹುದು. ಹೇಳುತ್ತೇನೆ.

ನನ್ನ ತಮ್ಮನ ಮಗ ಬೆಂಗಳೂರಿನಲ್ಲಿದ್ದಾನೆ. ಅವನ ಜೊತೆ ಇನ್ನೊಬ್ಬ ಹುಡುಗ ಇದ್ದಾನೆ. ಎಂಟು ವರ್ಷ ಒಂದೇ ಮನೆ, ಒಂದೇ ಅಡಿಗೆ. ಮನೆಯವರಿಗೆ ವಿಷಯ ಗೊತ್ತಾದಾಗ ನನ್ನ ತಮ್ಮ ಮಾತು ಬಿಟ್ಟ. ನಾನು ಮಾತು ಬಿಡಲಿಲ್ಲ. ಆದರೆ ದೊಡ್ಡ ಮನಸ್ಸೇನೂ ತೋರಿಸಲಿಲ್ಲ. "ಇದೆಲ್ಲ ಯಾಕೆ ಬೇಕಿತ್ತೋ" ಅಂದೆ. ಹಬ್ಬಕ್ಕೆ ಒಬ್ಬನೇ ಬಾ ಅಂದೆ. ಅವನು ಒಬ್ಬನೇ ಬಂದು ಒಬ್ಬಟ್ಟು ತಿಂದು ಹೋಗುತ್ತಿದ್ದ. ಡಬ್ಬಿಗೆ ಹಾಕಿಕೊಡುವಾಗ "ಎರಡು ಜಾಸ್ತಿ ಹಾಕು ಅತ್ತೆ" ಅನ್ನುತ್ತಿದ್ದ. ಯಾರಿಗೆ ಅಂತ ನಾನು ಕೇಳುತ್ತಿರಲಿಲ್ಲ.

ಒಂದು ರಾತ್ರಿ ಫೋನ್ ಬಂತು. ಆ ಇನ್ನೊಬ್ಬ ಹುಡುಗನದು. "ಮೇಡಂ, ಬೈಕ್ ಆಕ್ಸಿಡೆಂಟ್ ಆಗಿದೆ, ತಲೆಗೆ ಆಪರೇಷನ್ ಮಾಡಬೇಕಂತೆ, ನನ್ನ ಸಹಿ ತಗೋತಿಲ್ಲ." ಆಸ್ಪತ್ರೆಯ ಫಾರಂನಲ್ಲಿ ರೋಗಿಗೆ ಏನಾಗಬೇಕು ಅಂತ ಒಂದು ಕಾಲಂ ಇರುತ್ತದಲ್ಲ, ಅಲ್ಲಿ ಅವನು "ಸ್ನೇಹಿತ" ಅಂತ ಬರೆದಿದ್ದ. ರಕ್ತ ಸಂಬಂಧಿಯನ್ನೋ ಹೆಂಡತಿಯನ್ನೋ ಕರೆಸಿ ಎಂದರಂತೆ. ನಾನು ಸಿಕ್ಕಿದ ಕಾರು ಹಿಡಿದು ಹೊರಟೆ. ತುಮಕೂರು ದಾಟಿ ನೆಲಮಂಗಲದ ಟೋಲ್ ಬರುವಷ್ಟರಲ್ಲಿ ಮೂರು ಸಲ ಫೋನ್ ಮಾಡಿದ. ನಾನು ಹೋಗಿ "ಸೋದರತ್ತೆ" ಅಂತ ಬರೆದು ಸಹಿ ಹಾಕಿದೆ. ಯಾರೂ ಪ್ರಶ್ನೆ ಮಾಡಲಿಲ್ಲ.

ವರ್ಷಕ್ಕೆ ಎರಡು ಸಲ ಅವನ ಮುಖ ನೋಡುವ ನನ್ನ ಸಹಿ ನಡೆಯಿತು. ಅವನಿಗೆ ಯಾವ ಮಾತ್ರೆ ಆಗುವುದಿಲ್ಲ ಅನ್ನುವುದೂ ನನಗೆ ಗೊತ್ತಿರಲಿಲ್ಲ. ಡಾಕ್ಟರು ಕೇಳಿದಾಗ ಪಕ್ಕದಲ್ಲಿ ನಿಂತಿದ್ದ ಆ ಹುಡುಗನೇ ಹೇಳಿದ. ಹೇಳಿದ್ದನ್ನು ಬರೆದುಕೊಂಡರು. ಸಹಿ ಮಾತ್ರ ಅವನದಲ್ಲ.

ಹುಡುಗ ಉಳಿದ. ಈಗ ಚೆನ್ನಾಗಿದ್ದಾನೆ. ಆ ಇನ್ನೊಬ್ಬ ನನ್ನನ್ನು ಮೇಡಂ ಅನ್ನುವುದು ಬಿಟ್ಟು ಅತ್ತೆ ಅನ್ನುತ್ತಾನೆ. ನಮ್ಮ ಭಾಷೆ ನೋಡಿ, ಅಪ್ಪನ ಅಕ್ಕನೂ ಅತ್ತೆ, ಕಟ್ಟಿಕೊಂಡವರ ಅಮ್ಮನೂ ಅತ್ತೆ. ಯಾವ ಲೆಕ್ಕದಲ್ಲಿ ಕರೆಯುತ್ತಿದ್ದಾನೆ ಅಂತ ನಾನು ಕೇಳಿಲ್ಲ. ಹಬ್ಬಕ್ಕೆ ಈಗ ಇಬ್ಬರೂ ಬರುತ್ತಾರೆ. ತಮ್ಮ ಇನ್ನೂ ಮಾತಾಡಿಸುವುದಿಲ್ಲ.

ಮತದಾರರ ಪಟ್ಟಿಯಲ್ಲಿ ಈ ಇಬ್ಬರೂ ಗಂಡಸರ ಸಾಲಿನವರೇ. ಇತರೆ ಕಾಲಂಗೂ ಇವರಿಗೂ ಸಂಬಂಧ ಇಲ್ಲ, ಅದು ನನಗೆ ಗೊತ್ತಿದೆ. ಲಿಂಗತ್ವ ಅಲ್ಪಸಂಖ್ಯಾತರ ವಿಷಯ ಬೇರೆ, ಇದು ಬೇರೆ. ಕಾಲಂ ಇಲ್ಲದವರ ಪಾಡು ಮಾತ್ರ ಎರಡೂ ಕಡೆ ಒಂದೇ.

ಈಗ ನಿಮ್ಮ ಮಾಮೂಲು ಉತ್ತರಕ್ಕೆ ಬರೋಣ. "ಮೇಡಂ, ನಮಗೇನೂ ವಿರೋಧ ಇಲ್ಲ, ಆದರೆ ಜನ ಒಪ್ಪಲ್ಲ."

ಯಾವ ಜನ? ಯಾವಾಗ ಕೇಳಿದಿರಿ? ನಾನು ಎಷ್ಟೋ ಚುನಾವಣೆಗೆ ಡ್ಯೂಟಿ ಮಾಡಿದ್ದೇನೆ. ಯಾವ ಯಂತ್ರದಲ್ಲೂ ಈ ಪ್ರಶ್ನೆ ನೋಡಿಲ್ಲ. ನಮ್ಮಲ್ಲಿ ಜನಮತಗಣನೆಯ ಪದ್ಧತಿಯೇ ಇಲ್ಲ. ನಾವು ಆರಿಸುವುದು ನಿಮ್ಮನ್ನು. ನೀವು ಯೋಚನೆ ಮಾಡಿ ನಿರ್ಧಾರ ತೆಗೆದುಕೊಳ್ಳಲಿ ಅಂತ.

ಬೇರೆ ದೇಶಗಳಲ್ಲಿ ನೇರವಾಗಿ ಜನರನ್ನೇ ಕೇಳಿದ್ದಾರೆ. ಆ ಕಥೆಗಳನ್ನು ಓದಿದರೆ, ಸದ್ಯ ನಮ್ಮಲ್ಲಿ ಆ ಪದ್ಧತಿ ಇಲ್ಲವಲ್ಲ ಅನ್ನಿಸುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2008ರ ಮೇ ತಿಂಗಳಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಸಲಿಂಗ ಮದುವೆ ಆಗಬಹುದು ಅಂದಿತು. ನವೆಂಬರ್ 4ರೊಳಗೆ ಸುಮಾರು 18,000 ಜೋಡಿಗಳು ಮದುವೆಯಾದವು. ಅವತ್ತು ಒಬಾಮ ಗೆದ್ದ ಚುನಾವಣೆ. ಅದರ ಜೊತೆಗೇ ಈ ಮದುವೆಗಳು ಇನ್ನು ಬೇಡ ಅನ್ನುವ ಪ್ರಸ್ತಾವವನ್ನೂ ವೋಟಿಗೆ ಹಾಕಿದ್ದರು. ಶೇ 52ರಷ್ಟು ಜನ ಬೇಡ ಅಂದರು. ಅದೇ ಮತಪತ್ರದಲ್ಲಿ ಇನ್ನೊಂದು ಪ್ರಶ್ನೆ ಇತ್ತು, ಫಾರಂ ಕೋಳಿಗಳಿಗೆ ರೆಕ್ಕೆ ಬಿಚ್ಚುವಷ್ಟು ಜಾಗ ಕೊಡಬೇಕೇ ಅಂತ. ಅದಕ್ಕೆ ಹೂಂ ಅಂದರು. ಕೋಳಿಗೆ ಜಾಗ ಸಿಕ್ಕಿತು, ಒಳ್ಳೆಯದೇ. ಆಗಲೇ ಮದುವೆಯಾದವರ ಗತಿ ಏನು ಅಂತ ಮತ್ತೆ ಕೋರ್ಟು. ಅವರದ್ದು ಉಳಿಯುತ್ತದೆ, ಹೊಸಬರಿಗೆ ಇಲ್ಲ ಅಂತ 2009ರಲ್ಲಿ ತೀರ್ಪು. ಒಂದೇ ಬೀದಿಯಲ್ಲಿ ಒಂದು ಜೋಡಿ ಮದುವೆಯಾದವರು, ಪಕ್ಕದ ಮನೆಯವರು ಆಗಲಾರದವರು! 2013ರಲ್ಲಿ ಮತ್ತೆ ದಾರಿ ತೆರೆಯಿತು. 2015ರ ಜೂನ್ 26ರಂದು ಅಮೆರಿಕದ ಸುಪ್ರೀಂ ಕೋರ್ಟು ಐದು-ನಾಲ್ಕರ ಬಹುಮತದಲ್ಲಿ ಇಡೀ ದೇಶಕ್ಕೆ ಅನ್ವಯಿಸಿತು. ಕಡೆಗೆ 2024ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಜನರೇ ಹಳೇ ಸಾಲನ್ನು ತಮ್ಮ ಸಂವಿಧಾನದಿಂದ ತೆಗೆದುಹಾಕಿದರು. ಹದಿನಾರು ವರ್ಷ ಹಿಡಿಯಿತು.

ಅಯೋವಾ ರಾಜ್ಯದ್ದು ಇನ್ನೊಂದು ಕಥೆ. ಅಲ್ಲಿ ನ್ಯಾಯಮೂರ್ತಿಗಳು ಮುಂದುವರಿಯಬೇಕೇ ಬೇಡವೇ ಅಂತಲೂ ಜನ ವೋಟು ಹಾಕುತ್ತಾರೆ. 2009ರಲ್ಲಿ ಸಲಿಂಗ ಮದುವೆಗೆ ಒಮ್ಮತದಿಂದ ಹೂಂ ಅಂದ ಪೀಠದ ಮೂವರನ್ನು 2010ರಲ್ಲಿ ಜನ ಮನೆಗೆ ಕಳಿಸಿದರು. ಅವರು ಹೋದರು, ತೀರ್ಪು ಉಳಿಯಿತು. ಇದನ್ನು ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಸೋಲುವ ಭಯ ಬರೀ ರಾಜಕಾರಣಿಗಳಿಗೆ ಅಂತ ತಿಳಿಯಬೇಡಿ, ಅಷ್ಟೇ.

ಐರ್ಲೆಂಡ್ ಅಂದರೆ ನಮಗೆ ಬೆಳಗಾವಿಯ ಸವಿತಾ ಹಾಲಪ್ಪನವರ್ ನೆನಪಾಗುತ್ತಾರೆ. 2012ರಲ್ಲಿ ಅಲ್ಲಿನ ಆಸ್ಪತ್ರೆ ಗರ್ಭಪಾತ ಮಾಡಲು ಒಪ್ಪದೆ ಆಕೆ ತೀರಿಕೊಂಡ ಮೇಲೆ ಎದ್ದ ಕೂಗು 2018ರ ಗರ್ಭಪಾತದ ಜನಮತಗಣನೆವರೆಗೂ ಹೋಯಿತು. ಅದಕ್ಕೆ ಮೂರು ವರ್ಷ ಮೊದಲು, 2015ರ ಮೇ 22ರಂದು, ಅದೇ ಜನ ಸಲಿಂಗ ಮದುವೆಗೂ ವೋಟು ಹಾಕಿದ್ದರು. ಶೇ 62ರಷ್ಟು ಮಂದಿ ಸರಿ ಅಂದರು. ಚರ್ಚಿನ ಹಿಡಿತ ಅಷ್ಟಿದ್ದ ದೇಶ ಅದು. ಅಲ್ಲಿನ ಸರ್ಕಾರ, ಪಕ್ಷಗಳು "ಜನ ಒಪ್ಪಲ್ಲ" ಅಂತ ಸುಮ್ನೆ ಕೂತಿದ್ದರೆ ಜನ ಒಪ್ಪುತ್ತಾರೆ ಅನ್ನುವುದು ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ.

ನನಗೆ ಜಾಸ್ತಿ ಹತ್ತಿರ ಅನ್ನಿಸಿದ್ದು ತೈವಾನ್. 2017ರ ಮೇ 24ರಂದು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ, ಎರಡು ವರ್ಷದೊಳಗೆ ಕಾನೂನು ಮಾಡಿ ಅಂತ ಗಡುವು ಕೊಟ್ಟಿತು. ಮರುವರ್ಷ ನಡೆದ ಜನಮತಗಣನೆಯಲ್ಲಿ ಜನ, ನಾಗರಿಕ ಸಂಹಿತೆಯ ಮದುವೆ ಅಧ್ಯಾಯ ಮುಟ್ಟಬೇಡಿ, ಬೇಕಾದರೆ ಬೇರೆ ಕಾನೂನು ಮಾಡಿಕೊಳ್ಳಿ ಅಂದರು. ಶಾಸನಸಭೆ ಏನು ಮಾಡಿತು? ಬೇರೆಯೇ ಕಾನೂನು ಮಾಡಿತು. ಹೆಸರಿನಲ್ಲಿ ಮದುವೆ ಅನ್ನುವ ಪದವೇ ಇಲ್ಲ. ಕೋರ್ಟಿನ 748ನೇ ವ್ಯಾಖ್ಯಾನವನ್ನು ಜಾರಿಗೊಳಿಸುವ ಕಾಯ್ದೆ, ಅಂತ ಹೆಸರು. ಒಳಗಡೆ ಮದುವೆ ನೋಂದಣಿಯ ಅವಕಾಶ. ಗಡುವು ಮುಗಿಯಲು ಒಂದು ವಾರ ಇರುವಾಗ, 2019ರ ಮೇ 17ಕ್ಕೆ ಪಾಸು. ಗುಮಾಸ್ತರ ಬುದ್ಧಿ ಅಂತ ನಗಬಹುದು. ನಾನು ಮೂವತ್ತು ವರ್ಷ ಸರ್ಕಾರಿ ಫಾರಂ ತುಂಬಿದವಳು, ನನಗೆ ಆ ಬುದ್ಧಿ ಇಷ್ಟವಾಯಿತು. ಕೋರ್ಟಿನ ಮಾತೂ ನಡೆಯಿತು, ಜನರ ಮಾತೂ ನಡೆಯಿತು, ಶಾಸಕರು ತಮ್ಮ ಕೆಲಸವನ್ನೂ ಮಾಡಿದರು.

ನಮ್ಮಲ್ಲಿ ಮಾತ್ರ ತಾಲೂಕು ಆಫೀಸಿನ ಕಥೆ. ಮೂರನೇ ಟೇಬಲ್ಲಿಗೆ ಹೋಗಿ, ಅಲ್ಲಿಂದ ಐದನೇ ಟೇಬಲ್ಲಿಗೆ, ಐದನೆಯವರು ಊಟಕ್ಕೆ ಹೋಗಿದ್ದಾರೆ.

ಸಂಸದರೇ, ಊಟಕ್ಕೆ ಹೋದವರು ಅಂತ ನಿಮ್ಮನ್ನು ಸುಮ್ನೆ ಅಂದಿಲ್ಲ. 2013ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ ದಂಡ ಸಂಹಿತೆಯ 377ನೇ ಕಲಂ ಉಳಿಸಿಕೊಂಡು, ಬೇಕಾದರೆ ಸಂಸತ್ತು ತಿದ್ದಲಿ ಅಂದಿತ್ತು. 2015ರಲ್ಲಿ ಶಶಿ ತರೂರ್ ಒಂದು ಖಾಸಗಿ ಮಸೂದೆ ತಂದರು. ಚರ್ಚೆ ಆಗಿ ಸೋಲುವುದು ಬೇರೆ. ಅದನ್ನು ಮಂಡಿಸಲೂ ಸದನ ಬಿಡಲಿಲ್ಲ. ಬೇಡ ಅಂದವರು 71, ಬೇಕು ಅಂದವರು 24. ನೂರು ಜನವೂ ವೋಟು ಹಾಕಲಿಲ್ಲ. 2016ರ ಮಾರ್ಚಿನಲ್ಲಿ ಮತ್ತೆ ಪ್ರಯತ್ನಿಸಿದರು, 58-14. ಕಡೆಗೆ 2018ರ ಸೆಪ್ಟೆಂಬರ್ 6ರಂದು ಕೋರ್ಟೇ ಅದನ್ನು ಮಾಡಬೇಕಾಯಿತು. 2022ರಲ್ಲಿ ಸುಪ್ರಿಯಾ ಸುಳೆ ವಿಶೇಷ ವಿವಾಹ ಕಾಯ್ದೆಗೆ ತಿದ್ದುಪಡಿ ತರುವ ಮಸೂದೆ ಮಂಡಿಸಿದರು. ಅದು ಕಾನೂನಾಗಲಿಲ್ಲ. ಹಾಗಿರುವಾಗ ಕೋರ್ಟು ಮತ್ತೆ ಸಂಸತ್ತನ್ನೇ ತೋರಿಸಿದೆ. ನ್ಯಾಯಮೂರ್ತಿಗಳ ಮೇಲೂ ನನಗೆ ಸ್ವಲ್ಪ ಬೇಜಾರಿದೆ. ತೈವಾನಿನ ಹಾಗೆ ಒಂದು ಗಡುವಾದರೂ ಕೊಡಬಹುದಿತ್ತು, ಅಲ್ವಾ?

ಶಾಸಕರೇ, ನಿಮಗೆ ಪಕ್ಕದ ಮನೆಯ ಉದಾಹರಣೆ ಇದೆ. ತಮಿಳುನಾಡಿನಲ್ಲಿ ಪುರೋಹಿತರಿಲ್ಲದೆ ಹಾರ ಬದಲಿಸಿಕೊಂಡು ಮದುವೆಯಾದ ಸಾವಿರಾರು ಸ್ವಾಭಿಮಾನದ ಮದುವೆಗಳಿದ್ದವು. ಅವು ಕಾನೂನಿನ ಪ್ರಕಾರ ಮದುವೆಯೇ ಅಲ್ಲ ಅಂತ 1950ರ ದಶಕದಲ್ಲಿ ಮದ್ರಾಸ್ ಹೈಕೋರ್ಟು ಹೇಳಿತು. 1967ರಲ್ಲಿ ಜನ ಸರ್ಕಾರ ಬದಲಾಯಿಸಿದರು. ಅಣ್ಣಾದೊರೈ ಸರ್ಕಾರ ಅದೇ ವರ್ಷ ಹಿಂದೂ ವಿವಾಹ ಕಾಯ್ದೆಗೆ ರಾಜ್ಯದ ಮಟ್ಟಿಗೆ ತಿದ್ದುಪಡಿ ತಂದಿತು. ಮುಂದೆ ಆಗುವ ಮದುವೆಗಳಷ್ಟೇ ಅಲ್ಲ, ಹಿಂದೆ ಆದವೂ ಊರ್ಜಿತವಾದವು. ಕೋರ್ಟು ಆಗದು ಅಂದದ್ದನ್ನು ವಿಧಾನಸಭೆ ಆಗುತ್ತದೆ ಅಂದಿತು. ವಿಧಾನಸಭೆ ಇರುವುದೇ ಅದಕ್ಕೆ.

ನಮ್ಮದೇನು ಕಡಿಮೆ? 1894ರಲ್ಲೇ ಬಾಲ್ಯವಿವಾಹ ತಡೆಯಲು ಮೈಸೂರು ಸಂಸ್ಥಾನ ಕಾನೂನು ಮಾಡಿತ್ತು. 1933ರಲ್ಲಿ ಹಿಂದೂ ಹೆಣ್ಣುಮಕ್ಕಳ ಆಸ್ತಿ ಹಕ್ಕಿಗೆ ಕಾನೂನು ಮಾಡಿತ್ತು. ಕುವೆಂಪು ಅವರ ಮಂತ್ರಮಾಂಗಲ್ಯದ ಪ್ರಕಾರ ಮದುವೆಯಾದವರು ನಿಮ್ಮ ಪಕ್ಷಗಳಲ್ಲೇ ಇದ್ದಾರೆ. 2021ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಸರ್ಕಾರಿ ನೌಕರಿಯಲ್ಲಿ ಶೇ 1 ಮೀಸಲಾತಿ ಕೊಟ್ಟಿರಿ. ಹರಳಯ್ಯ-ಮಧುವರಸರ ಮಕ್ಕಳ ಮದುವೆ ಕಥೆ ನಾನು ಹೇಳಬೇಕಿಲ್ಲ. ಪ್ರತಿ ಬಸವ ಜಯಂತಿಗೆ ವೇದಿಕೆ ಮೇಲೆ ನೀವೇ ಹೇಳುತ್ತೀರಿ.

ಇದು ಪೇಟೆಯ ಶ್ರೀಮಂತರ ಶೋಕಿ ಅಂತ ಕೇಂದ್ರ ಸರ್ಕಾರ ಕೋರ್ಟಿನಲ್ಲಿ ವಾದಿಸಿತ್ತು. ನನ್ನ ಹಳೇ ವಿದ್ಯಾರ್ಥಿನಿಯರಿಬ್ಬರು ಪೀಣ್ಯದ ಹತ್ತಿರ ಗಾರ್ಮೆಂಟ್ಸಿಗೆ ಹೋಗುತ್ತಾರೆ. ಒಂದು ರೂಮು, ಒಂದು ಗ್ಯಾಸ್ ಒಲೆ. ಹತ್ತನೇ ಕ್ಲಾಸಿನಿಂದ ಜೊತೆಗಿರುವವರು. ಅವರಿಗೆ ಶ್ರೀಮಂತಿಕೆ ಎಲ್ಲಿದೆ ಅಂತ ಯಾರಾದರೂ ತೋರಿಸಿಕೊಟ್ಟರೆ ಅವರೇ ಖುಷಿಪಡುತ್ತಾರೆ.

ದೇವಸ್ಥಾನದಲ್ಲಿ, ಚರ್ಚಿನಲ್ಲಿ, ಮಸೀದಿಯಲ್ಲಿ ಮದುವೆ ಮಾಡಿಸಿ ಅಂತ ನಾನು ಕೇಳುತ್ತಿಲ್ಲ. ಅದು ಆಯಾ ಧರ್ಮದವರಿಗೆ ಬಿಟ್ಟದ್ದು. ನಾನು ಕೇಳುತ್ತಿರುವುದು ನೋಂದಣಿ ಕಚೇರಿಯ ಸಹಿ. ವಿಶೇಷ ವಿವಾಹ ಕಾಯ್ದೆಯಲ್ಲಿ ಪುರೋಹಿತರೂ ಇಲ್ಲ, ಮುಹೂರ್ತವೂ ಇಲ್ಲ. ಮೂವತ್ತು ದಿನದ ನೋಟಿಸು, ಮೂವರು ಸಾಕ್ಷಿ. ಆ ಒಂದು ಕಾಗದ ಇಲ್ಲದೆ ಏನೇನು ಇಲ್ಲ ಅಂತ ನನ್ನ ಹುಡುಗ ಒಮ್ಮೆ ಲೆಕ್ಕ ಕೊಟ್ಟ. ಉಯಿಲು ಬರೆಯದೆ ಹೋದರೆ ಆಸ್ತಿ ಮಾತು ಬಿಟ್ಟ ಅಪ್ಪನಿಗೆ ಹೋದೀತು, ಜೊತೆಗೆ ಬಾಳಿದವನಿಗೆ ಇಲ್ಲ. ಇಬ್ಬರೂ ಸೇರಿ ಮಗು ದತ್ತು ತೆಗೆದುಕೊಳ್ಳುವ ಹಾಗಿಲ್ಲ. ವರ್ಷಕ್ಕೆ 50,000 ರೂಪಾಯಿ ಮೀರಿ ಒಬ್ಬ ಇನ್ನೊಬ್ಬನಿಗೆ ದುಡ್ಡು ಕೊಟ್ಟರೆ, ಪಡೆದವನು ತೆರಿಗೆ ಕಟ್ಟಬೇಕು. ಗಂಡ ಹೆಂಡತಿಗೆ ಕೋಟಿ ಕೊಟ್ಟರೂ ಆ ತೆರಿಗೆ ಇಲ್ಲ.

ತೀರ್ಪಿನ ಬಳಿಕ ಏನೂ ಆಗಿಲ್ಲ ಅನ್ನಲಾರೆ. ಕೇಂದ್ರ ಒಂದು ಸಮಿತಿ ಮಾಡಿತು. 2024ರಲ್ಲಿ ಕೆಲವು ಸುತ್ತೋಲೆ ಬಂದವು. ಜಂಟಿ ಬ್ಯಾಂಕ್ ಖಾತೆ ತೆರೆಯಬಹುದು, ರೇಷನ್ ಕಾರ್ಡಿನಲ್ಲಿ ಒಂದೇ ಮನೆಯವರು ಅಂತ ಪರಿಗಣಿಸಬೇಕು, ಹತ್ತಿರದ ಬಂಧುಗಳು ಇಲ್ಲದಾಗ ಸಂಗಾತಿ ಶವ ಪಡೆಯಬಹುದು. ಮೂರನೆಯದನ್ನು ಓದಿ ಒಂದು ಕ್ಷಣ ಸುಮ್ಮನಾದೆ. ಸತ್ತ ಮೇಲೆ ದೇಹ ಸಿಗಬಹುದು. ಒಂದು ಕಚೇರಿಯಲ್ಲಿ ರೇಷನ್ ಕಾರ್ಡಿನ ಸುತ್ತೋಲೆ ಬಗ್ಗೆ ವಿಚಾರಿಸಿದೆ. "ಅಂಥದ್ದು ಬಂದಿಲ್ಲ ಮೇಡಂ" ಅಂದರು. ಪ್ರಿಂಟು ತೆಗೆದು ಕೊಟ್ಟು ಬಂದೆ.

ಹಾಗಾಗಿ ನನ್ನ ಮೊದಲ ಬೇಡಿಕೆ ಚಿಕ್ಕದು. ಆಸ್ಪತ್ರೆಗಳ ಒಪ್ಪಿಗೆ ಫಾರಂನಲ್ಲಿ ರೋಗಿಯೇ ಮೊದಲೇ ಬರೆದುಕೊಟ್ಟ ಹೆಸರಿಗೆ ಜಾಗ ಕೊಡಿ ಅಂತ ಆರೋಗ್ಯ ಇಲಾಖೆಯಿಂದ ಒಂದು ಆದೇಶ ಹೊರಡಿಸಿ. ಅದಕ್ಕೆ ಕಾನೂನು ತಿದ್ದುವ ತನಕ ಕಾಯಬೇಕಿಲ್ಲ. ಎರಡನೆಯದು ದೊಡ್ಡದು. ಬೆಳಗಾವಿಯಲ್ಲೋ ಬೆಂಗಳೂರಿನಲ್ಲೋ, ಮುಂದಿನ ಅಧಿವೇಶನದಲ್ಲಿ ಯಾರಾದರೂ ಒಬ್ಬರು ಎದ್ದು ನಿಂತು, ಸಮವರ್ತಿ ಪಟ್ಟಿಯ ಐದನೇ ನಮೂದಿನ ಅಡಿ ಈ ರಾಜ್ಯ ಏನು ಮಾಡಲಿದೆ ಅಂತ ಒಂದು ಪ್ರಶ್ನೆ ಕೇಳಿ. ವಿರೋಧ ಇದ್ದರೆ ವಿರೋಧ ಅಂತಲೇ ಹೇಳಿ, ಅದೂ ಕಡತದಲ್ಲಿ ದಾಖಲಾಗಲಿ. ಸಂಸದರೂ ಅಷ್ಟೇ. ನೀವು 28 ಜನ ಇದ್ದೀರಿ. ಅವತ್ತು ತರೂರ್ ಅವರಿಗೆ ಸಿಕ್ಕಿದ್ದು 24.

ಎಷ್ಟು ಜನ ಬಂದು ನೋಂದಣಿ ಮಾಡಿಸಿಯಾರು ಅಂತ ಕೇಳಬೇಡಿ. ನನ್ನ ತಾಲೂಕಿನಲ್ಲಿ ವರ್ಷವಿಡೀ ಸೊನ್ನೆಯೇ ಬರಬಹುದು. ಬರೆಯೋಣ, ಅದರಲ್ಲೇನಿದೆ.

ವೋಟು ಕೇಳಲು ಬಂದಾಗ ನಮ್ಮ ಮನೆ ಗುರುತು ಹಿಡಿಯುವುದು ಸುಲಭ. ಮುಂದೆ ಎರಡು ತೆಂಗಿನ ಮರ, ಜಗಲಿ ಮೇಲೆ ಹಳೇ ಶಾಲೆಯ ಬೆಂಚು. ಕಾಫಿ ಕೊಡುತ್ತೇನೆ. ಉತ್ತರ ಅಷ್ಟರೊಳಗೆ ತಯಾರಿರಲಿ.

ಇಂತಿ,
ತುಮಕೂರು ಜಿಲ್ಲೆಯ ಒಬ್ಬ ಮತದಾರಳು